ಮ್ಯಾಚಿಂಗ್

ಟ್ಯೂಬ್‌ಲೈಟಿನ ಮಾತು ನಂಬಬೇಡಿ ಅಂತ
ದಿನಕ್ಕೆ ನಲವತ್ತು ಸಲ ಹೇಳುವವನು ನಾನು.
ಸಂತೇಪೇಟೆಯ ಎಂಟಡಿ ಅಂಗಡಿಯಿಂದ
ಸೆರಗು, ಬ್ಲೌಸ್‌ಪೀಸು ಎರಡನ್ನೂ ಹಿಡಿದು
ಬೀದಿಗಿಳಿದು, ಆಟೋಗಳ ನಡುವೆ, ಬಿಸಿಲಿಗೊಡ್ಡಿ
‘ಈಗ ನೋಡಿ ತಾಯಿ’ ಅನ್ನುವವನು.
ಜಂಬುನೇರಳೆಗೂ ಬದನೆಗೂ ನಡುವಿನ ಕೂದಲೆಳೆ
ನನ್ನ ಅನ್ನ.

ಮಂಗಳವಾರ ಅಂಗಡಿಗೆ ರಜ.
ಆರರ ಬಸ್ಸಿಗೆ ಶ್ರೀರಂಗಪಟ್ಟಣ, ಅಲ್ಲಿಂದ
ಬಂಗಾರದೊಡ್ಡಿ ನಾಲೆಯ ಏರಿ ಹಿಡಿದು ನಡಿಗೆ.
ಟಿಫಿನ್ ಡಬ್ಬಿಯಲ್ಲಿ ಹದಿನಾರು ಹುಸಿಮೀನು,
ಹಾಲವಾಣದ ಮರ ಕೆತ್ತಿ
ಹೆಂಡತಿಯ ಹಳೆ ನೈಲ್‌ಪಾಲಿಶ್ ಬಳಿದು ನಾನೇ ಮಾಡಿದವು:
ಗಿಣಿಹಸಿರು, ಕನಕಾಂಬರ, ರಾಮಾಗ್ರೀನು,
ಅರಿಶಿನದ ಮೈಗೆ ಕಾಡಿಗೆಯ ಪಟ್ಟೆ,
ಪಾರಿವಾಳದ ಕತ್ತಿನ ಹಾಗೆ ತಿರುಗಿಸಿದರೆ ಬೇರೆಯಾಗುವ ಒಂದು,
ಅದೊಂದಕ್ಕೇ ಮೂರು ರಾತ್ರಿ ಹಿಡಿದಿತ್ತು.

ಚೆಲುವನಾಯ್ಕ ಡಬ್ಬಿಯೊಳಗೆ ಇಣುಕಿ
ಬೀಡಿ ಬಾಯಿಂದ ತೆಗೆಯದೇ ನಕ್ಕ.
‘ನೀರಿಗೂ ಸೀರೆ ಉಡಿಸ್ತೀರಾ?’
ಆಮೇಲೆ, ಪಾಠ ಅಂತ ಅಲ್ಲ, ಹೀಗೇ ಅಂದ:
ಗದ್ದೆನೀರು ಬೆರೆತು ನಾಲೆ ಟೀ ಆದ ದಿನ
ಬಣ್ಣ ಹುಡುಕಬೇಡಿ, ಕರೀದು ಕಟ್ಟಿ.
ಮೀನು ನೋಡೋದು ಕೆಳಗಿಂದ, ಮೇಲೆ ಆಕಾಶ,
ನಡುವೆ ಹೋಗೋದೆಲ್ಲ ನೆರಳು.
ತಿಳಿನೀರಿಗೆ ಬೆಳ್ಳಿ, ಅದೂ ಮಂಕು ಬೆಳ್ಳಿ.
ಬೆಳಗಿದ ಚೊಂಬಿನ ಹಾಗೆ ಹೊಳೆದರೆ
ಹಸಿದ ಬಾಳೆಮೀನೂ ಅನುಮಾನ ಪಡ್ತದೆ.
ಕೆಂಪಾ? ಇನ್ನೂ ಆಳಕ್ಕೆ ಇಳೀಲಿ, ನಿಮ್ಮ ಕೆಂಪು
ಹೇಳದೆ ಕೇಳದೆ ಕಪ್ಪಾಗ್ತದೆ.

ಸಿಟ್ಟು ಬಂತು. ಇಪ್ಪತ್ತೆರಡು ವರ್ಷದಿಂದ
ಕೆಂಪಿನಲ್ಲೇ ಒಂಬತ್ತು ಥಾನು ಇಟ್ಟವನು ನಾನು.
ಕನಕಾಂಬರವನ್ನೇ ಕಟ್ಟಿ ಎಸೆದೆ.
ಎಳೆದೆ. ಎಸೆದೆ. ಒಂದೇ ಸಮ ಎಳೆದೆ,
ಹೊಲಿಗೆ ಮಿಷನ್ನಿನ ಹಾಗೆ, ಎಡವದೆ.
ನೀರು ಅತ್ತ ತಿರುಗಿಯೂ ನೋಡಲಿಲ್ಲ.

‘ಹೆದರಿದ್ದು ಹಿಂಗೆ ಈಜ್ತದಾ?’ ಅಂದ.
‘ಎರಡು ಸಲ ಜಗ್ಗಿ, ಬಿಡಿ. ಪೆಟ್ಟು ತಿಂದ ಕಪ್ಪೆ ನೆನಸ್ಕೊಳ್ಳಿ.
ಕುಂಟಬೇಕು. ಆಮೇಲೆ ಮರೀಬೇಕು.’
ಮರೆಯುವುದು ಹೇಗೆ ಅಂತ ಮಾತ್ರ ಹೇಳಲಿಲ್ಲ.

ಅದನ್ನು ಕಲಿಸಿದ್ದು ಫೋನು.
ಸರಸ್ವತೀಪುರಂನ ಗಿರಿಜಾಂಬ:
‘ಆ ನೇರಳೆ ಬಂತಾ?’ ‘ಇಲ್ಲ ತಾಯಿ, ಗುರುವಾರ…’
ರೀಲು ಬಿಟ್ಟ ಕೈ. ನೀರಮೇಲೆ ಸುಮ್ಮನೆ ಕೂತ ಮರದ ಚೂರು.
ಅದರ ಸುತ್ತ ಅಗಲವಾಗುತ್ತ ಅಳಿಯುತ್ತಿದ್ದ ಉಂಗುರ.
ಗುರುವಾರ ಪೂರ್ತಿಯಾಗುವ ಮೊದಲೇ
ನಾಲೆ ಬಾಯಿ ತೆರೆದು
ಮುಚ್ಚಿತು.

ಕೊರವ. ಮೊಳಕ್ಕೆ ಎರಡು ಬೆರಳು ಕಮ್ಮಿ.
ಗಿರಿಜಾಂಬ ಹಲೋ ಹಲೋ ಅನ್ನುತ್ತಲೇ ಇದ್ದರು.
ಹುಸಿಮೀನಿನ ಮೈಮೇಲೆ, ಹಲ್ಲು ತಾಗಿದಲ್ಲೆಲ್ಲ
ಕನಕಾಂಬರ ಸಿಪ್ಪೆ ಎದ್ದು
ಒಳಗಿನ ಬರೀ ಮರ.
ಆ ಬಣ್ಣದ ಥಾನು ನನ್ನಲ್ಲಿಲ್ಲ. ಯಾರೂ ಕೇಳಿಲ್ಲ.

ಮುಂದೊಂದು ಮಂಗಳವಾರ ಜೊಂಡಿನ ಮಗ್ಗುಲಲ್ಲಿ
ನೀರು ಕುದಿಯುತ್ತಿತ್ತು, ಊಟದ ತಟ್ಟೆಯಗಲ.
ಬಗ್ಗಿದೆ. ಮರಿಗಳು. ನೂರೋ, ಐನೂರೋ,
ಒಟ್ಟಿಗೆ ಉಸಿರಿಗೇಳುವ, ಒಟ್ಟಿಗೆ ಇಳಿಯುವ
ಒಂದು ಕೆಂಪು.
ಕುಂಕುಮ ಅಲ್ಲ, ಕೇಸರಿ ಅಲ್ಲ, ಇಟ್ಟಿಗೆಯೂ ಅಲ್ಲ,
ಬಣ್ಣಕ್ಕೆ ಹೆಸರಿಡುವುದೇ ಕಸುಬಾದ ಬಾಯಿಗೆ
ಹೆಸರು ಸಿಗದ್ದು.
ಅದರಡಿ, ಮುಳುಗಿದ ದಿಮ್ಮಿಯ ಹಾಗೆ, ತಾಯೋ ತಂದೆಯೋ.

‘ಈಗ ಹಾಕಿದ್ರೆ ಚಪ್ಪಲಿಗೂ ಕಚ್ತದೆ,’ ಅಂದ ಚೆಲುವನಾಯ್ಕ.
‘ಹಸಿವಿಗಲ್ಲ. ಮರಿ ಮೇಲೆ ನೆರಳು ಬಿದ್ದರೆ ಸಾಕು.’
ಡಬ್ಬಿ ತೆರೆದೆ; ಹದಿನಾರೂ ನನ್ನನ್ನೇ ನೋಡಿದವು.
ಮುಚ್ಚಳ ಒತ್ತಿದೆ.
ಆಗ ಕಂಡಿತು, ನೀರಮೇಲೆ ಬಿದ್ದಿದ್ದ ನೆರಳು
ನನ್ನದೇ.
ಒಂದು ಹೆಜ್ಜೆ ಹಿಂದೆ ಸರಿದೆ.

ಬುಧವಾರ ಬಾಗಿಲು ತೆಗೆಯುತ್ತಿದ್ದಂತೆ ಒಬ್ಬ ಹುಡುಗಿ:
‘ಅಣ್ಣ, ಕೆಂಪು ತೋರಿಸಿ.’
‘ಯಾವ ಕೆಂಪಮ್ಮ?’ ಅಂದವನು
ಒಂಬತ್ತು ಥಾನಿನ ಮುಂದೆ ಕೈಯೆತ್ತಿ
ಹಾಗೇ ನಿಂತುಬಿಟ್ಟೆ,
ಎಷ್ಟು ಹೊತ್ತೋ.
ಅವಳೇ ಬಾಗಿ ಒಂದನ್ನು ಎಳೆದುಕೊಂಡು
ಬಿಸಿಲಿಗೆ ಹೋದಳು.